ಸ್ವಸಹಾಯ ಅಂದರೆ ಒಬ್ಬರೇ ಮಾಡುವ ಕೆಲಸವಲ್ಲ

ಕಳೆದ ತಿಂಗಳು ಲೈಬ್ರರಿ ಪೀರಿಯಡ್‌ನಲ್ಲಿ ನಮ್ಮ ಬೆಂಚಿನಲ್ಲಿ ಸಣ್ಣ ಜಗಳ ನಡೆಯಿತು. ಒಬ್ಬ ಗೆಳತಿ ಯಶಸ್ಸಿನ ಗುಟ್ಟು ಹೇಳುವ ಪುಸ್ತಕವೊಂದನ್ನು ಕೈಯಲ್ಲಿ ಹಿಡಿದಿದ್ದಳು. ಇನ್ನೊಬ್ಬಳು, "ಅದೆಲ್ಲ ಬರೀ ಬುರುಡೆ ಕಣೇ, ಬರೆದವರು ಶ್ರೀಮಂತರಾಗ್ತಾರೆ, ಓದಿದವರು ಇದ್ದ ಹಾಗೇ ಇರ್ತಾರೆ" ಅಂದಳು. ಮೊದಲನೆಯವಳಿಗೆ ಸಿಟ್ಟು ಬಂತು. "ಇದನ್ನ ಓದಿದ ಮೇಲೇ ನಾನು ಬೆಳಿಗ್ಗೆ ಐದಕ್ಕೆ ಎದ್ದು ಓದೋಕೆ ಶುರು ಮಾಡಿದ್ದು" ಅಂದಳು. ಇಬ್ಬರೂ ನನ್ನ ಮುಖ ನೋಡಿದರು. ಆವತ್ತು ನಾನು ಏನೂ ಹೇಳಲಿಲ್ಲ. ಇದೇ ವಿಷಯಕ್ಕೆ ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಮಾತು ನಿಂತಿತ್ತು. ಅದನ್ನು ಬೆಂಚಿನಲ್ಲಿ ಕೂತು ಹೇಳುವುದು ಕಷ್ಟ. ಈಗ ಭಾಯ್ ಹತ್ತಿರ ಕೇಳಿ, ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಆ ಇಬ್ಬರು ಗೆಳತಿಯರೂ ಅರ್ಧ ಸರಿ. ಈ ಬಗೆಯ ಪುಸ್ತಕಗಳಲ್ಲಿ ಹಳೆಯವು ಇವತ್ತಿಗೂ ಓದಲು ಯೋಗ್ಯ. ಆದರೆ ಅವುಗಳ ಹೆಸರು ಹೇಳಿಕೊಂಡು ಇವತ್ತು ನಮಗೆ ಮಾರುತ್ತಿರುವ ಸರಕು ಬೇರೆ. ಎರಡರ ವ್ಯತ್ಯಾಸ ತಿಳಿಯದಿದ್ದರೆ ದುಡ್ಡೂ ಹೋಗುತ್ತದೆ, ಮನೆಯ ನೆಮ್ಮದಿಯೂ ಹೋಗುತ್ತದೆ.

ನಮ್ಮ ಮನೆಯ ಕಥೆ ಚಿಕ್ಕದು. ನಮ್ಮದು ಯಡಿಯೂರು. ಅಬ್ಬಾ ಲಗೇಜ್ ಆಟೊ ಓಡಿಸುತ್ತಾರೆ. ತೋಟಗಳಿಂದ ತೆಂಗಿನಕಾಯಿ ತುಂಬಿಕೊಂಡು ಮಂಡಿಗೆ ಹಾಕುವುದು, ಸಿದ್ಧಲಿಂಗೇಶ್ವರ ದೇವಸ್ಥಾನದ ಮುಂದಿನ ಅಂಗಡಿಗಳಿಗೆ ಕಾಯಿ ಇಳಿಸುವುದು ಅವರ ಕೆಲಸ. ಅಮ್ಮಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಸೀರೆಗೆ ಕುಚ್ಚು ಕಟ್ಟುತ್ತಾರೆ. ಭಾಯ್ ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಿದ್ದಾಗ ಯಾರೋ ಸ್ನೇಹಿತರು ಬೆಂಗಳೂರಿನ ಹೋಟೆಲೊಂದರಲ್ಲಿ ನಡೆದ ಸಕ್ಸಸ್ ಸೆಮಿನಾರ್‌ಗೆ ಕರೆದುಕೊಂಡು ಹೋದರು. ಅಲ್ಲಿ ಕೋಟು ಹಾಕಿದವರು ಮೈಂಡ್‌ಸೆಟ್ ಬಗ್ಗೆ ಮಾತನಾಡಿದರಂತೆ. ಸಂಜೆಯ ಹೊತ್ತಿಗೆ ಭಾಯ್ ಒಂದು ಫಾರಂಗೆ ಸಹಿ ಹಾಕಿದ್ದರು. ಹದಿನೆಂಟು ಸಾವಿರ ರೂಪಾಯಿ ಕಟ್ಟಿದರೆ ಪೌಡರ್ ಡಬ್ಬಿಗಳು, ಒಂದು ಪುಸ್ತಕ, ಮತ್ತು ತನ್ನ ಕೆಳಗೆ ಜನರನ್ನು ಸೇರಿಸುವ ಹಕ್ಕು. ದುಡ್ಡು ಎಲ್ಲಿಂದ ಬಂತು? ಅಮ್ಮಿಯ ಸಂಘದ ಸಾಲ.

ಡಬ್ಬಿಗಳು ಮಂಚದ ಕೆಳಗೆ ಉಳಿದವು. ಅದಕ್ಕಿಂತ ನೋವಾದದ್ದು ಒಂದು ಮಾತು. ಒಂದು ರಾತ್ರಿ ಭಾಯ್ ಊಟದ ಹೊತ್ತಿನಲ್ಲಿ, ಅಬ್ಬಾ ಇಷ್ಟು ವರ್ಷ ದುಡಿದೂ ಇಲ್ಲೇ ಉಳಿದಿರುವುದು ಅವರ ಮೈಂಡ್‌ಸೆಟ್‌ನಿಂದ, ಬಡವರ ಹಾಗೆ ಯೋಚಿಸುವವರು ಬಡವರಾಗೇ ಇರುತ್ತಾರೆ ಅಂದರು. ಸೆಮಿನಾರ್‌ನಲ್ಲಿ ಹೇಳಿಕೊಟ್ಟಿದ್ದನ್ನೇ ಹೇಳಿದರು ಅಂತ ನನಗೆ ಈಗ ಗೊತ್ತು. ಅಬ್ಬಾ ಉತ್ತರ ಕೊಡಲಿಲ್ಲ. ತಟ್ಟೆ ತೊಳೆದಿಟ್ಟು ಮಲಗಿದರು. ಬೆಳಿಗ್ಗೆ ಫಜ್ರ್ ನಮಾಜ್ ಮುಗಿಸಿ ಎಂದಿನಂತೆ ಆಟೊ ತೆಗೆದುಕೊಂಡು ಹೋದರು. ಆಮೇಲೆ ಇಬ್ಬರ ನಡುವೆ ಮಾತಿರಲಿಲ್ಲ.

ಭಾಯ್ ಒಬ್ಬರನ್ನೇ ದೂರುವುದು ನ್ಯಾಯವಲ್ಲ. ಫಸ್ಟ್ ಪಿಯುಸಿಯಲ್ಲಿ ನಾನೂ ರೀಲ್ಸ್ ನೋಡಿ ಗೋಡೆ ಮೇಲೆ ‘95’ ಅಂತ ದೊಡ್ಡದಾಗಿ ಬರೆದು ಅಂಟಿಸಿದ್ದೆ. ದಿನಾ ಅದನ್ನು ನೋಡಿ ಕಣ್ಣು ಮುಚ್ಚಿ ಕಲ್ಪಿಸಿಕೊಳ್ಳಬೇಕು, ಆಗ ಅದು ತಾನಾಗಿ ಬರುತ್ತದೆ ಎಂದು ನಂಬಿದ್ದೆ. ಕಲ್ಪಿಸಿಕೊಂಡೆ. ಲೆಡ್ಜರ್ ಪೋಸ್ಟಿಂಗ್ ಮಾತ್ರ ಮಾಡಲಿಲ್ಲ. ಮಿಡ್ ಟರ್ಮ್‌ನಲ್ಲಿ ಅಕೌಂಟೆನ್ಸಿಗೆ ನಲವತ್ತೊಂದು ಬಂತು.

ಆ ಪೇಪರ್ ಕೊಡುವಾಗ ನಮ್ಮ ಅಕೌಂಟೆನ್ಸಿ ಸರ್ ಗೋಡೆ ಮೇಲಿನ ಚೀಟಿಯ ಕಥೆ ಕೇಳಿ ನಕ್ಕರು. ಆಮೇಲೆ, "ವೋಚರ್ ಇಲ್ಲದೆ ಎಂಟ್ರಿ ಹಾಕಬಾರದು ಅಂತ ಹೇಳಿಕೊಟ್ಟಿದ್ದೀನಲ್ಲಮ್ಮ, ಈ ಮಾತುಗಳಿಗೂ ಮೂಲ ಏನು ಅಂತ ನೋಡು" ಅಂದರು. ಹಾಗೆ ನಾನು ಮೂಲ ಹುಡುಕಿಕೊಂಡು ಹೋದೆ.

ಈ ಜಾತಿಯ ಪುಸ್ತಕಗಳಿಗೆ ಹೆಸರು ಕೊಟ್ಟಿದ್ದೇ ಸ್ಯಾಮ್ಯುಯೆಲ್ ಸ್ಮೈಲ್ಸ್ ಎಂಬ ಸ್ಕಾಟ್ಲೆಂಡಿನವರು. ಅವರ ‘ಸೆಲ್ಫ್ ಹೆಲ್ಪ್’ ಲಂಡನ್ನಿನಲ್ಲಿ 1859ರಲ್ಲಿ ಅಚ್ಚಾಯಿತು. ಮೊದಲ ವರ್ಷವೇ ಇಪ್ಪತ್ತು ಸಾವಿರ ಪ್ರತಿ ಖರ್ಚಾದವು. ಹಕ್ಕುಸ್ವಾಮ್ಯ ಎಂದೋ ಮುಗಿದಿರುವುದರಿಂದ ಮೊಬೈಲಿನಲ್ಲಿ ದುಡ್ಡು ಕೊಡದೆ ಓದಬಹುದು. ಹಳೆಯ ಇಂಗ್ಲಿಷ್, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ಎರಡು ಮೂರು ಪುಟ ಓದಿದೆ. ಓದುತ್ತಾ ನನಗೆ ಆಶ್ಚರ್ಯವಾದದ್ದು ಆ ಪುಸ್ತಕ ಹುಟ್ಟಿದ ಬಗೆ.

ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಇಬ್ಬರು ಮೂವರು ಕೆಲಸಗಾರ ಹುಡುಗರು ಚಳಿಗಾಲದ ಸಂಜೆ ಒಂದು ಕಡೆ ಸೇರಿ ಓದಲು ಶುರು ಮಾಡಿದರು. ಮೇಷ್ಟ್ರಿಗೆ ಕೊಡಲು ಅವರ ಹತ್ತಿರ ಕಾಸಿರಲಿಲ್ಲ. ಸ್ವಲ್ಪ ಗೊತ್ತಿದ್ದವನು ಅದಕ್ಕಿಂತ ಕಡಿಮೆ ಗೊತ್ತಿದ್ದವನಿಗೆ ಹೇಳಿಕೊಡುತ್ತಿದ್ದ. ಓದು, ಬರಹ, ಲೆಕ್ಕ, ಭೂಗೋಳ, ಹೀಗೆ. ಜನ ಹೆಚ್ಚಾಗಿ ನೂರರ ಹತ್ತಿರ ಬಂದಾಗ ಕಾಲರಾ ಆಸ್ಪತ್ರೆಯಾಗಿ ಬಳಸಿದ್ದ ಒಂದು ಹಳೆಯ ಹಾಲ್ ಅವರಿಗೆ ಬಾಡಿಗೆಗೆ ಸಿಕ್ಕಿತು. ಕಾಲರಾ ಹೆಸರಿಗೆ ಹೆದರಿ ಬೇರೆ ಯಾರೂ ಅದನ್ನು ತೆಗೆದುಕೊಳ್ಳುತ್ತಿರಲಿಲ್ಲ. ಅಲ್ಲಿಗೆ ಬಂದು ನಾಲ್ಕು ಮಾತು ಹೇಳಿ ಎಂದು ಅವರು ಸ್ಮೈಲ್ಸ್ ಅವರನ್ನು ಕೇಳಿಕೊಂಡರು. ಸ್ಮೈಲ್ಸ್ 1845ರಲ್ಲಿ ಅಲ್ಲಿ ಮಾಡಿದ ಭಾಷಣಗಳೇ ಮುಂದೆ ಪುಸ್ತಕವಾದವು. ಅಂದರೆ ‘ನಿನಗೆ ನೀನೇ ಸಹಾಯ ಮಾಡಿಕೋ’ ಎನ್ನುವ ಪುಸ್ತಕ ಹುಟ್ಟಿದ್ದು ಒಂದು ಕಂಬೈನ್ಡ್ ಸ್ಟಡಿಯಿಂದ. ಈ ವಿಷಯವನ್ನು ಯಾವ ರೀಲ್ಸ್‌ನಲ್ಲೂ ನಾನು ಕೇಳಿರಲಿಲ್ಲ.

ಸ್ಮೈಲ್ಸ್ ಅವರ ಸ್ವಂತ ಜೀವನವೂ ಇದನ್ನೇ ಹೇಳುತ್ತದೆ. ಹನ್ನೊಂದು ಮಕ್ಕಳ ಮನೆ. ಅವರು ಡಾಕ್ಟರ್ ಓದುತ್ತಿದ್ದಾಗ 1832ರಲ್ಲಿ ತಂದೆ ಕಾಲರಾದಲ್ಲಿ ತೀರಿಕೊಂಡರು. ತಾಯಿ ಒಂದು ಸಣ್ಣ ಅಂಗಡಿ ನಡೆಸಿಕೊಂಡು, ಓದು ಬಿಡಬೇಡ ಎಂದು ಮಗನನ್ನು ಓದಿಸಿದರು. ‘ಸೆಲ್ಫ್ ಹೆಲ್ಪ್’ ಬರೆದವರ ಹಿಂದೆಯೂ ಒಬ್ಬ ಅಮ್ಮಿ ಇದ್ದರು.

ಪುಸ್ತಕದಲ್ಲಿ ಇರುವುದೇನು? ಕ್ಷೌರಿಕನಾಗಿದ್ದ ಆರ್ಕ್‌ರೈಟ್ ನೂಲುವ ಯಂತ್ರ ಮಾಡಿದ್ದು, ಗಣಿಯಲ್ಲಿ ದುಡಿಯುತ್ತಿದ್ದ ಜಾರ್ಜ್ ಸ್ಟೀಫನ್‌ಸನ್ ಹದಿನೆಂಟನೇ ವಯಸ್ಸಿನಲ್ಲಿ ಅಕ್ಷರ ಕಲಿತು ಮುಂದೆ ರೈಲು ಎಂಜಿನ್ ಕಟ್ಟಿದ್ದು, ಇಂಥವು. ಯಾರೂ ಕಣ್ಣು ಮುಚ್ಚಿ ಕಲ್ಪಿಸಿಕೊಂಡು ದೊಡ್ಡವರಾದ ಕಥೆ ಅದರಲ್ಲಿಲ್ಲ. ವರ್ಷಗಟ್ಟಲೆ ಒಂದೇ ಕೆಲಸದಲ್ಲಿ ಕೈ ಪಳಗಿಸಿದ್ದು, ಕೆಟ್ಟಿದ್ದನ್ನು ಮತ್ತೆ ಮಾಡಿದ್ದು, ಸಮಯ ಮತ್ತು ಕಾಸನ್ನು ಲೆಕ್ಕ ಇಟ್ಟು ಬಳಸಿದ್ದು, ಇಷ್ಟೇ ಪುಟದಿಂದ ಪುಟಕ್ಕೆ ಬರುತ್ತದೆ. ಓದುವಾಗ ಸ್ವಲ್ಪ ಬೇಜಾರೂ ಆಗುತ್ತದೆ, ನಿಜ. ಆದರೆ ನನಗೆ ಪದೇ ಪದೇ ನೆನಪಾದದ್ದು ಅಬ್ಬಾ. ಆ ಪುಸ್ತಕ ಹೊಗಳುವ ಗುಣಗಳೆಲ್ಲ ಅವರಲ್ಲಿವೆ. ಹಾಗಾದರೆ ಅವರ ಮೈಂಡ್‌ಸೆಟ್ ಸರಿಯಿಲ್ಲ ಎಂದು ಹೇಳಿದ ಸೆಮಿನಾರಿನವರು ಯಾವ ಪುಸ್ತಕ ಓದಿದ್ದರು?

ನಮ್ಮ ಮನೆಯಲ್ಲಿ ಈ ಓದಿನ ವಿಷಯ ತೆಗೆದಾಗ ದಾದಿ, "ಅಪ್ನೀ ಮದದ್ ಆಪ್" ಅಂದುಬಿಟ್ಟರು. ಅವರು ಓದಿದ್ದು ಉರ್ದು ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ. ಅದು ಸರ್ ಸೈಯದ್ ಅಹಮದ್ ಖಾನರ ಪ್ರಸಿದ್ಧ ಲೇಖನದ ಹೆಸರು. ‘ಸೆಲ್ಫ್ ಹೆಲ್ಪ್’ ಎಂಬುದಕ್ಕೆ ನೇರ ಉರ್ದು. ಸ್ಮೈಲ್ಸ್ ಪುಸ್ತಕ ಯಾವ ಗಾದೆಯಿಂದ ಶುರುವಾಗುತ್ತದೋ ಸರ್ ಸೈಯದರ ಲೇಖನದಲ್ಲೂ ಅದೇ ಗಾದೆ ಇದೆ, ತನಗೆ ತಾನು ಸಹಾಯ ಮಾಡಿಕೊಳ್ಳುವವರಿಗೆ ದೇವರ ನೆರವು ಎಂಬ ಅರ್ಥದ್ದು. 1870ರಲ್ಲಿ ಶುರುವಾದ ಅವರ ‘ತಹಜೀಬುಲ್ ಅಖ್ಲಾಕ್’ ಪತ್ರಿಕೆ ಇಂಥ ವಿಚಾರಗಳನ್ನು ಉರ್ದು ಓದುವವರ ಮನೆಗೆ ತಂದಿತು. ಅವರು ಲೇಖನ ಬರೆದು ಸುಮ್ಮನಾಗಲಿಲ್ಲ. 1875ರಲ್ಲಿ ಅಲೀಗಢದಲ್ಲಿ ಶಾಲೆ ತೆರೆದರು, ಊರೂರು ಸುತ್ತಿ ಚಂದಾ ಎತ್ತಿದರು. ‘ಆಪ್’ ಎಂಬ ಪದದಲ್ಲಿ ಅವರು ಒಬ್ಬ ವ್ಯಕ್ತಿಯ ಜೊತೆಗೆ ಇಡೀ ಸಮಾಜವನ್ನು ನೋಡಿದರು.

ಅದೇ ದಾರಿ ನಮ್ಮ ರಾಜ್ಯಕ್ಕೂ ಬಂತು. ಡಾಕ್ಟರಾಗಿದ್ದ ಮುಮ್ತಾಜ್ ಅಹಮದ್ ಖಾನ್ ಬೆಂಗಳೂರಿನಲ್ಲಿ 1966ರಲ್ಲಿ ಅಲ್ ಅಮೀನ್ ಶಿಕ್ಷಣ ಸಂಸ್ಥೆ ಆರಂಭಿಸಿದರು. 2021ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅದರ ಶಾಲೆ ಕಾಲೇಜುಗಳಲ್ಲಿ ಓದಿದವರು ರಾಜ್ಯದ ತುಂಬ ಇದ್ದರು. ನಾನು ಈಗ ಕೂತಿರುವ ಬೆಂಚೂ ಯಾರೋ ಕೊಟ್ಟ ದುಡ್ಡಿನಿಂದ ಬಂದದ್ದು. ಕೊಟ್ಟವರು ನನ್ನ ಮುಖ ನೋಡಿಲ್ಲ.

ಜಪಾನಿನ ಕಥೆ ಇನ್ನೂ ಸ್ವಾರಸ್ಯ. ನಾಕಮುರ ಮಾಸನಾವೊ ಎಂಬವರು 1871ರಲ್ಲಿ ಸ್ಮೈಲ್ಸ್ ಪುಸ್ತಕವನ್ನು ಜಪಾನಿ ಭಾಷೆಗೆ ತಂದರು. ಅಲ್ಲಿ ಅದು ಶಾಲೆಗಳಲ್ಲೂ ಪಾಠವಾಯಿತು. ಓದಿದವರಲ್ಲಿ ಬಡಗಿಯ ಮಗ ಸಾಕಿಚಿ ಟೊಯೊಡಾ ಒಬ್ಬರು. ಅವರು 1891ರಲ್ಲಿ ಮರದ ಕೈಮಗ್ಗಕ್ಕೆ ಪೇಟೆಂಟ್ ಪಡೆದರು. ಅವರ ಮಗ ಕಾರು ಕಂಪನಿ ಕಟ್ಟಿದರು. ಕುಣಿಗಲ್ ಕಡೆಯ ಹುಡುಗರು ಐಟಿಐ ಮುಗಿಸಿ ಕೆಲಸ ಕೇಳಿಕೊಂಡು ಹೋಗುವ ಬಿಡದಿಯ ಟೊಯೊಟಾ ಕಾರ್ಖಾನೆ ಅದೇ ಕಂಪನಿಯದ್ದು.

ಹಾಗಾದರೆ ದಾರಿ ತಪ್ಪಿದ್ದು ಎಲ್ಲಿ? ನನ್ನ ಪ್ರಕಾರ ಒತ್ತು ಬದಲಾಗುತ್ತಾ ಹೋದಾಗ. ಜೇಮ್ಸ್ ಅಲೆನ್ 1903ರಲ್ಲಿ ಬರೆದ ಚಿಕ್ಕ ಪುಸ್ತಕದಲ್ಲಿ ಮನುಷ್ಯನ ಯೋಚನೆಯೇ ಅವನನ್ನು ರೂಪಿಸುತ್ತದೆ ಎಂಬುದು ಮುಖ್ಯ ಮಾತಾಯಿತು. ಅಮೆರಿಕದಲ್ಲಿ 1929ರ ಕುಸಿತದ ನಂತರ ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಆ ಕಷ್ಟದ ಕಾಲದಲ್ಲಿ 1936ರಲ್ಲಿ ಡೇಲ್ ಕಾರ್ನೆಗಿಯ ಪುಸ್ತಕ, 1937ರಲ್ಲಿ ನೆಪೋಲಿಯನ್ ಹಿಲ್ ಬರೆದ ‘ಥಿಂಕ್ ಅಂಡ್ ಗ್ರೋ ರಿಚ್’ ಬಂದವು. ಭಾಯ್‌ಗೆ ಸೆಮಿನಾರಿನಲ್ಲಿ ಕೊಟ್ಟಿದ್ದು ಈ ಎರಡನೆಯದು.

ಹಿಲ್ ತಮ್ಮ ಪುಸ್ತಕಕ್ಕೆ ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿಯೇ ಪ್ರೇರಣೆ, ಅವರೇ ಈ ಕೆಲಸ ಒಪ್ಪಿಸಿದರು ಎಂದು ಹೇಳಿಕೊಂಡಿದ್ದಾರೆ. ಆದರೆ ಕಾರ್ನೆಗಿಯ ಜೀವನಚರಿತ್ರೆ ಬರೆದವರಿಗೆ ಅದಕ್ಕೆ ಪುರಾವೆ ಸಿಕ್ಕಿಲ್ಲ. ನಮ್ಮ ಸರ್ ಮಾತಿನಲ್ಲಿ ಹೇಳುವುದಾದರೆ ವೋಚರ್ ಇಲ್ಲ. ಆದರೂ ಹಿಲ್‌ಗೆ ಅನ್ಯಾಯ ಮಾಡಬಾರದು. ಅವರ ಪುಸ್ತಕದಲ್ಲಿ ಯೋಜನೆ ಹಾಕುವುದು, ಒಂದು ವಿಷಯದಲ್ಲಿ ವಿಶೇಷ ಜ್ಞಾನ ಪಡೆಯುವುದು, ಹಿಡಿದ ಕೆಲಸ ಬಿಡದಿರುವುದು, ಜೊತೆಗಾರರ ಗುಂಪು ಕಟ್ಟಿಕೊಳ್ಳುವುದು, ಇವಕ್ಕೆಲ್ಲ ಬೇರೆ ಬೇರೆ ಅಧ್ಯಾಯಗಳಿವೆ. ಸೆಮಿನಾರಿನವರು ಹೆಸರಿನಲ್ಲಿರುವ ‘ಥಿಂಕ್’ ಮತ್ತು ‘ರಿಚ್’ ಎರಡನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ಕೈಬಿಟ್ಟರು.

ಮೈಂಡ್‌ಸೆಟ್ ಎಷ್ಟೇ ಚೆನ್ನಾಗಿರಲಿ, ಲೆಕ್ಕ ಸುಳ್ಳಾಗುವುದಿಲ್ಲ. ಒಬ್ಬೊಬ್ಬರು ಐದೈದು ಜನರನ್ನು ಸೇರಿಸಬೇಕು ಅನ್ನೋಣ. ಐದು, ಇಪ್ಪತ್ತೈದು, ನೂರಿಪ್ಪತ್ತೈದು, ಹೀಗೆ ಹೋದರೆ ಏಳನೇ ಸಾಲಿಗೆ 78,125 ಜನ ಬೇಕು. ಯಡಿಯೂರು ಇರಲಿ, ಕುಣಿಗಲ್ ಪಟ್ಟಣದಲ್ಲೂ ಅಷ್ಟು ಜನರಿಲ್ಲ. ಕೊನೆಯ ಸಾಲಿನವರು ಎಷ್ಟು ಧನಾತ್ಮಕವಾಗಿ ಯೋಚಿಸಿದರೂ ಅವರ ಕೆಳಗೆ ಸೇರಲು ಯಾರೂ ಉಳಿದಿರುವುದಿಲ್ಲ. ಇಂಥ ಪಿರಮಿಡ್ ಯೋಜನೆಗಳನ್ನು ಕೇಂದ್ರ ಸರ್ಕಾರದ 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿವೆ. ಕಾಮರ್ಸ್ ಓದುವ ನಾವು ಇದನ್ನು ಮನೆಯವರಿಗೆ ಹೇಳಬೇಕು. ಭಾಯ್ ಸಹಿ ಹಾಕುವ ಮೊದಲು ನನ್ನ ಹತ್ತಿರ ಈ ಲೆಕ್ಕ ಇರಲಿಲ್ಲ ಎಂಬುದು ನನ್ನ ಬೇಸರ.

ಹಳೆಯ ಪುಸ್ತಕಗಳಲ್ಲೂ ತಪ್ಪುಗಳಿವೆ. ಅಕೌಂಟೆನ್ಸಿಯಲ್ಲಿ ಯಂತ್ರ, ಪೀಠೋಪಕರಣಗಳಿಗೆ ಡಿಪ್ರಿಸಿಯೇಶನ್ ಹಾಕುತ್ತೇವೆ, ಜಮೀನಿಗೆ ಹಾಕುವುದಿಲ್ಲ. ಸ್ಮೈಲ್ಸ್ ಪುಸ್ತಕಕ್ಕೂ ಹಾಗೇ ಲೆಕ್ಕ ಹಾಕಬೇಕು. ಅದರಲ್ಲಿ ಮುಖ್ಯ ಪಾತ್ರವಾಗಿ ಹೆಣ್ಣುಮಕ್ಕಳು ಸಿಗುವುದು ಬಹಳ ಕಡಿಮೆ. ಫ್ರಾನ್ಸಿನ ಕುಂಬಾರ ಪಾಲಿಸ್ಸಿ ಹೊಸ ಮೆರುಗು ಕಂಡುಹಿಡಿಯುವ ಹಟದಲ್ಲಿ ಸೌದೆ ಮುಗಿದಾಗ ಮನೆಯ ಮೇಜು, ಹಲಗೆಗಳನ್ನೂ ಕುಲುಮೆಗೆ ಹಾಕಿದ ಕಥೆ ಇದೆ. ಲೇಖಕರು ಅದನ್ನು ಧೀರತನ ಎಂದು ಹೇಳುತ್ತಾರೆ. ನಾನು ಆತನ ಹೆಂಡತಿ ಆವತ್ತು ರಾತ್ರಿ ಮಕ್ಕಳಿಗೆ ಏನು ಬೇಯಿಸಿದಳು ಎಂದು ಯೋಚಿಸಿದೆ. ಗೆದ್ದವರ ಕಥೆ ಮಾತ್ರ ಪುಸ್ತಕವಾಗುತ್ತದೆ. ಅಷ್ಟೇ ದುಡಿದು ಗೆಲ್ಲದವರ ಕಥೆ ಇಲ್ಲ. ಮಳೆ ಕೈಕೊಟ್ಟಿದ್ದು, ಕಾಯಿ ರೇಟು ಬಿದ್ದಿದ್ದು, ಡೀಸೆಲ್ ಏರಿದ್ದು ಯಾರ ಮೈಂಡ್‌ಸೆಟ್‌ನಿಂದಲೂ ಆದದ್ದಲ್ಲ. ಈ ಭಾಗಕ್ಕೆ ಪೂರ್ತಿ ಡಿಪ್ರಿಸಿಯೇಶನ್ ಹಾಕಿ ತೆಗೆದುಬಿಡಬಹುದು.

ತಮ್ಮ ಪುಸ್ತಕದ ಹೆಸರನ್ನು ಜನ ಸ್ವಾರ್ಥದ ಹೊಗಳಿಕೆ ಎಂದು ತಪ್ಪು ತಿಳಿದರು ಎಂಬ ಬೇಸರ ಸ್ಮೈಲ್ಸ್ ಅವರಿಗೂ ಇತ್ತು. ನಂತರದ ಆವೃತ್ತಿಯ ಮುನ್ನುಡಿಯಲ್ಲಿ ಅದನ್ನು ಬರೆದುಕೊಂಡಿದ್ದಾರೆ. ತನಗೆ ಸಹಾಯ ಮಾಡಿಕೊಳ್ಳುವುದರಲ್ಲಿ ನೆರೆಯವರಿಗೆ ಸಹಾಯ ಮಾಡುವುದೂ ಸೇರಿದೆ ಎಂಬುದು ಅವರ ವಿವರಣೆ. ಡಿಪ್ರಿಸಿಯೇಶನ್ ಹಾಕಬಾರದ ಜಮೀನು ಇದು.

ಅದಕ್ಕೆ ಸಾಕ್ಷಿ ನಮ್ಮ ಮನೆಯಲ್ಲೇ ಇತ್ತು, ನಾನೇ ನೋಡಿರಲಿಲ್ಲ. ‘ಸೆಲ್ಫ್ ಹೆಲ್ಪ್’ಗೆ ಕನ್ನಡದಲ್ಲಿ ಏನನ್ನುತ್ತೇವೆ? ಸ್ವಸಹಾಯ. ಆ ಪದ ಕೇಳಿದರೆ ನಮ್ಮ ಊರಿನಲ್ಲಿ ಯಾರಿಗೂ ಪುಸ್ತಕ ನೆನಪಾಗುವುದಿಲ್ಲ, ಸಂಘ ನೆನಪಾಗುತ್ತದೆ. ಈ ಸಂಘಗಳ ಬೇರೂ ಕರ್ನಾಟಕದಲ್ಲಿದೆ. ಬೆಂಗಳೂರಿನ ಮೈರಾಡ ಸಂಸ್ಥೆ ಕೆಲಸ ಮಾಡುತ್ತಿದ್ದ ಹಳ್ಳಿಗಳಲ್ಲಿ 1980ರ ದಶಕದ ನಡುವೆ ದೊಡ್ಡ ಸಹಕಾರ ಸಂಘಗಳು ಒಡೆದು, ಪರಸ್ಪರ ನಂಬಿಕೆ ಇದ್ದ ಜನ ಚಿಕ್ಕ ಚಿಕ್ಕ ಗುಂಪುಗಳಾದರು. ಅವರು ತಾವೇ ಉಳಿಸಿ ತಮ್ಮೊಳಗೇ ಸಾಲ ಕೊಟ್ಟುಕೊಂಡರು. ನಬಾರ್ಡ್ 1992ರಲ್ಲಿ ಐನೂರು ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. 2000-01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು.

ಅಮ್ಮಿಯ ಸಂಘದಲ್ಲಿ ಹದಿನಾಲ್ಕು ಜನ. ಗುರುವಾರ ಅಸರ್ ನಮಾಜ್ ಆದ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಾರೆ. ವಾರಕ್ಕೆ ನೂರು ರೂಪಾಯಿ ಉಳಿತಾಯ. ಪುಸ್ತಕ ಬರೆಯುವುದು ಈಗ ನಾನು. ಭಾಯ್ ದುಡ್ಡು ಕಳೆದುಕೊಂಡ ವಿಷಯ ಅಮ್ಮಿ ಆ ಸಭೆಯಲ್ಲಿ ಹೇಳಿಕೊಂಡು ಅತ್ತರು. ಪಕ್ಕದ ಬೀದಿಯ ಲಕ್ಷ್ಮಕ್ಕ, "ಹುಡುಗ ಹೋಗಿಲ್ಲವಲ್ಲ, ದುಡ್ಡು ತಾನೆ, ಕಟ್ಟಿದರಾಯಿತು ಬಿಡವ್ವ" ಅಂದರು. ಸಾಲದ ಕಂತನ್ನು ತಿಂಗಳಿಗೆ ಸಾವಿರದೈನೂರಕ್ಕೆ ಇಳಿಸಿದರು. ಯಾರೂ ಮೈಂಡ್‌ಸೆಟ್ ಬಗ್ಗೆ ಮಾತನಾಡಲಿಲ್ಲ. ನಮ್ಮೂರಿನಲ್ಲಿ ಕಾಯಕ, ದಾಸೋಹ ಎರಡನ್ನೂ ಒಟ್ಟಿಗೇ ಹೇಳುತ್ತಾರೆ. ದುಡಿಯುವುದು ಒಂದು, ದುಡಿದದ್ದನ್ನು ಹಂಚುವುದು ಇನ್ನೊಂದು. ನಮ್ಮ ದಾದಿಯೂ ಬೇರೆ ಪದಗಳಲ್ಲಿ ಅದನ್ನೇ ಹೇಳುತ್ತಾರೆ.

ರಿಜ್ಕ್ ಅಲ್ಲಾಹನ ಕೈಯಲ್ಲಿದೆ, ಇಷ್ಟೆಲ್ಲ ಪುಸ್ತಕ ಯಾಕೆ ಎಂದು ಕೆಲವು ಹಿರಿಯರು ಕೇಳಬಹುದು. ಒಂಟೆಯನ್ನು ಮೊದಲು ಕಟ್ಟಿ, ಆಮೇಲೆ ಭರವಸೆ ಇಡಬೇಕು ಎಂಬ ಕಥೆಯನ್ನು ನಮಗೆ ಹೇಳಿಕೊಟ್ಟವರೂ ಅವರೇ. ಪರೀಕ್ಷೆ ಹತ್ತಿರ ಬರುತ್ತಿರುವಾಗ ಇದೆಲ್ಲ ಯಾಕೆ ಎಂದು ಗೆಳತಿಯರು ಕೇಳಬಹುದು. ಪರೀಕ್ಷೆ ಹತ್ತಿರ ಇರುವುದರಿಂದಲೇ ಬರೆಯುತ್ತಿದ್ದೇನೆ. ಗೋಡೆಯ ಚೀಟಿ ನಂಬಿ ಕೂತವರು ನಾನೊಬ್ಬಳೇ ಇರಲಾರೆ.

ಭಾಯ್ ಈಗ ಕುಣಿಗಲ್‌ನಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಬಿಲ್ ಬರೆಯುತ್ತಾರೆ. ಎಂಟು ಕಂತು ಕಟ್ಟಿದ್ದಾರೆ, ನಾಲ್ಕು ಬಾಕಿ. ಹಿಲ್ ಪುಸ್ತಕವನ್ನು ಎಸೆದಿಲ್ಲ. ಯೋಜನೆ ಹಾಕುವ ಅಧ್ಯಾಯ ಚೆನ್ನಾಗಿದೆ, ಓದು ಎಂದು ನನಗೆ ಕೊಟ್ಟರು. ರಜೆಯ ದಿನ ಅಬ್ಬಾ ಜೊತೆ ಕಾಯಿ ಲೋಡ್‌ಗೆ ಹೋಗುತ್ತಾರೆ. ಏನು ಮಾತನಾಡಿಕೊಳ್ಳುತ್ತಾರೋ ಗೊತ್ತಿಲ್ಲ, ಆದರೆ ಒಟ್ಟಿಗೆ ಟೀ ಕುಡಿದು ಬರುತ್ತಾರೆ.

ಕೊನೆಯದಾಗಿ ನನ್ನ ಕೋರಿಕೆ. ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಈ ಹಳೆಯ ಪುಸ್ತಕಗಳು, ಸರ್ ಸೈಯದರ ಲೇಖನಗಳು ಒಂದು ಕಪಾಟಿನಲ್ಲಿ ಇರಲಿ. ಜೊತೆಗೆ, ಕಾಲೇಜು ಬಿಟ್ಟ ಮೇಲೆ ಬಸ್ ಬರುವವರೆಗೆ ನಮ್ಮಲ್ಲಿ ಎಷ್ಟೋ ಜನ ಗೇಟಿನ ಹತ್ತಿರ ಮುಕ್ಕಾಲು ಗಂಟೆ ನಿಂತಿರುತ್ತೇವೆ. ಆ ಹೊತ್ತಿನಲ್ಲಿ ಒಂದು ಕ್ಲಾಸ್ ರೂಮ್ ತೆರೆದಿಡಲು ಪ್ರಿನ್ಸಿಪಾಲ್ ಮೇಡಂ ಒಪ್ಪಿದರೆ, ಲೀಡ್ಸ್ ಹುಡುಗರ ಹಾಗೆ ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಿಕೊಡಬಹುದು. ನನಗೆ ಈಗ ಲೆಡ್ಜರ್ ಮತ್ತು ಟ್ರಯಲ್ ಬ್ಯಾಲೆನ್ಸ್ ಚೆನ್ನಾಗಿ ಬರುತ್ತದೆ, ಅದನ್ನು ಹೇಳಿಕೊಡುತ್ತೇನೆ. ಸ್ಟ್ಯಾಟಿಸ್ಟಿಕ್ಸ್ ನನಗೆ ಬರುವುದಿಲ್ಲ, ಅದಕ್ಕೆ ಯಾರಾದರೂ ಬೇಕು. ಬರುವವರು ಸೆಕೆಂಡ್ ಪಿಯು ಕಾಮರ್ಸ್ ಸೆಕ್ಷನ್ನಿನಲ್ಲಿ ಹೆಸರು ಕೊಡಿ.